ಹಾಲವ್ವನ ದಾರ

"ಹಿಮ್ಮಡಿ ಎತ್ತಬ್ಯಾಡ. ನೆಲಕ್ಕ ಊರಿ ನಿಂದ್ರು."

"ಊರೇನಿ ಬೇ."

"ಕುತ್ತಿಗಿ ಯಾಕ ಒಂಟಿಗತೆ ಮ್ಯಾಲ ಮಾಡ್ತಿ? ಕೆಳಗ ನೋಡು."

ಹಾಲವ್ವ ಕೆಳಗೆ ನೋಡಿದಳು. ಆದರೂ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತ ಹುಡುಗಿ ಉಸಿರು ಬಿಗಿಹಿಡಿದು ಮೈಯನ್ನೆಲ್ಲ ಮೇಲಕ್ಕೆಳೆದುಕೊಂಡಿದ್ದು ತಾಯಿ ಇಂದ್ರವ್ವನಿಗೆ ಗೊತ್ತಾಗದೆ ಇರಲಿಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸುವಾಗ ಗಿಡ್ಡರನ್ನು ಮುಂದೆ, ಉದ್ದನೆಯವರನ್ನು ಹಿಂದೆ ನಿಲ್ಲಿಸುತ್ತಾರೆ. ಈ ವರ್ಷ ಹಾಲವ್ವ ಸಾಲಿನ ಕಟ್ಟಕಡೆಗೆ ಹೋಗಿ ನಿಂತಿದ್ದಳು. ಆ ಸುದ್ದಿಯನ್ನು ಓಣಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಎತ್ತರ ಆಗುವುದೆಂದರೆ ಆ ವಯಸ್ಸಿಗೆ ಹಬ್ಬ.

ಇಂದ್ರವ್ವ ಬಗ್ಗಿ ದಾರದ ಒಂದು ತುದಿಯನ್ನು ಮಗಳ ಹಿಮ್ಮಡಿಯ ಕೆಳಗೆ ಸೇರಿಸಿದಳು. ಇನ್ನೊಂದು ತುದಿಯನ್ನು ಬೆನ್ನಗುಂಟ ಮೇಲೆ ತಂದು ನೆತ್ತಿಯ ಮಟ್ಟಕ್ಕೆ ಚಿವುಟಿ ಹಿಡಿದಳು. ಚೌಕಟ್ಟಿನ ಮೇಲೆ ಒಂದು ಕಾಡಿಗೆಯ ಗೆರೆ ಇತ್ತು. ದೃಷ್ಟಿ ಆಗಬಾರದೆಂದು ಅವ್ವ ಹಚ್ಚಿದ್ದೆಂದು ಹಾಲವ್ವ ತಿಳಿದಿದ್ದಳು. ಹೋದ ವರ್ಷ ಹುಡುಗಿಯ ನೆತ್ತಿ ಆ ಗೆರೆಯ ಕೆಳಗಿತ್ತು. ಈಗ ಗೆರೆ ಅವಳ ಜಡೆಯ ಹಿಂದೆ ಮುಚ್ಚಿಹೋಗಿತ್ತು.

"ಎಷ್ಟ ಆದ್ನಿ ಬೇ?"

"ಹೋದ ವರ್ಷದಷ್ಟಽ."

"ಸುಳ್ಳ! ಸಾಲಿ ಅಕ್ಕೋರು ಹೇಳ್ಯಾರ, ಎಲ್ಲಾರಕಿಂತ ನಾನಽ ಉದ್ದ ಅದೇನಿ ಅಂತ."

"ಅಕ್ಕೋರಿಗೇನ್ ಗೊತ್ತು? ಹೋಗು, ಕೈಕಾಲ ತೊಕ್ಕೊ."

ಹುಡುಗಿ ಮುಖ ಸಿಂಡರಿಸಿಕೊಂಡು ಹಿತ್ತಲಿಗೆ ಹೋದಳು. ಇಂದ್ರವ್ವ ಚಿವುಟಿ ಹಿಡಿದ ಜಾಗದಿಂದ ಒಂದು ಗೇಣು ಕೆಳಗೆ ಬಂದು ದಾರವನ್ನು ಹಲ್ಲಿಗೆ ಕೊಟ್ಟು ಕಡಿದಳು. ಉಳಿದ ತುಂಡನ್ನು ಒಲೆಗೆ ಹಾಕಿದಳು. ಹೋದ ವರ್ಷವೂ ಹೀಗೇ ಅರ್ಧ ಗೇಣು ಕಡಿದಿದ್ದಳು. ಆಗ ಕಡಿಯುವ ಮೊದಲು ದೇವರ ಜಗಲಿಯ ಕಡೆ ನೋಡಿದ್ದಳು. ಈ ಸಲ ನೋಡಲಿಲ್ಲ, ಅದೇ ಅವಳಿಗೆ ಬೇಸರ ತಂದಿತು.

ಈ ದಾರದ ಪದ್ಧತಿ ಬನಹಟ್ಟಿಯ ಪಂಚರು ಹಾಕಿಕೊಟ್ಟದ್ದು. ಸಂಸ್ಥಾನಗಳು ಹೋಗಿ ಮುಂಬೈ ಸರಕಾರ ಬಂದ ಹೊಸದು. ಹೊಸ ಕಾಯ್ದೆಯಲ್ಲಿ ಕೋರ್ಟಿನಿಂದಲೂ ಗಂಡ ಹೆಂಡಿರಿಗೆ ಬಿಡುಗಡೆ ಸಿಗುತ್ತದೆಂದು ಮುಧೋಳದ ವಕೀಲರೊಬ್ಬರು ಇಂದ್ರವ್ವನ ಅಣ್ಣ ಜಕ್ಕಪ್ಪನಿಗೆ ಹೇಳಿದ್ದರು. ಜಕ್ಕಪ್ಪ ಕೋರ್ಟಿನ ಮೆಟ್ಟಿಲ ತನಕ ಹೋಗಿ, ಅಲ್ಲಿ ಕೂತವರ ಮುಖ ನೋಡಿ, ತಿರುಗಿ ಬಂದಿದ್ದ. ಕೊನೆಗೆ ಬನಹಟ್ಟಿಯ ನೇಕಾರ ಓಣಿಯಲ್ಲೇ, ಮಠದ ಕಟ್ಟೆಯ ಮೇಲೆ ಹಿರಿಯರು ಕೂತು ಸೋಡಚೀಟಿ, ಬಿಡುಗಡೆಯ ಪತ್ರ, ಮಾಡಿಸಿದರು. ಗಂಡ ರಾಚಪ್ಪನಿಗೆ ಅವನ ದಾರಿ, ಇಂದ್ರವ್ವನಿಗೆ ಅವಳ ದಾರಿ. ಬಿಡಿಸಲಿಕ್ಕೆ ಬಾರದ ಗಂಟು ಕೂಸೊಂದೇ.

ತಾಯಿಯ ಕಡೆ ಎಷ್ಟು ವರ್ಷ ಇರಬೇಕು, ಯಾವಾಗ ಅಪ್ಪನ ಮನೆಗೆ ಬರಬೇಕು ಎಂಬ ಮಾತು ಬಂದಾಗ ಕೂಸಿಗೆ ಈಗೆಷ್ಟು ವಯಸ್ಸೆಂಬುದೇ ಜಗಳಕ್ಕೆ ಬಿತ್ತು. ಸೀಗಿ ಹುಣ್ಣಿಮೆಯ ಮುಂದೆ ಹುಟ್ಟಿದ್ದು ಅಂತ ಇಂದ್ರವ್ವ, ಅದರ ಹಿಂದಿನ ವರ್ಷದ ಯುಗಾದಿಗೆ ಅಂತ ಅತ್ತೆ. ಬರೆದಿಟ್ಟವರು ಯಾರೂ ಇಲ್ಲ. ಹಿರಿಯ ಬಸಗೊಂಡಪ್ಪ ಇಬ್ಬರ ಬಾಯಿಯನ್ನೂ ಕೈಸನ್ನೆಯಲ್ಲಿ ಮುಚ್ಚಿಸಿದ.

"ವರ್ಷಾ ಯಾರ್ ಎಣಿಸ್ಯಾರ? ಅಕಿ ಒಂದ ಹೇಳ್ತಾಳ, ಇಕಿ ಒಂದ ಹೇಳ್ತಾಳ. ಮಾತು ಹಿಗ್ಗತೈತಿ, ಕುಗ್ಗತೈತಿ. ನೂಲು ಸುಳ್ಳ ಹೇಳೂದಿಲ್ಲ. ಕೂಸು ಮಗ್ಗದ ಮರದಷ್ಟು ಉದ್ದ ಆಗೂತನಕ ತಾಯಿ ಕಡೆ ಇರ್ಲಿ. ಅಷ್ಟ ಆತಂದ್ರ ರಾಟಿ ಮುಂದ ಕುಂದ್ರಾಕ ಬರತೈತಿ, ಅಪ್ಪನ ಮನಿಗಿ ಬರ್ಲಿ."

ಮಗ್ಗದ ಮರವೆಂದರೆ ನೇಯ್ದ ಬಟ್ಟೆಯನ್ನು ಸುತ್ತುವ ಮರ. ಪ್ರತಿ ವರ್ಷ ದಸರೆಯ ಮಾನೌಮಿಗೆ ತಾಯಿ ಕೂಸಿನ ಎತ್ತರದ ದಾರ ಕಳಿಸಬೇಕು. ಅಪ್ಪ ಆ ಅಳತೆಗೆ ತಾನೇ ಒಂದು ಕಿರಿಗಿ, ಹುಡುಗಿಯರು ಉಡುವ ಸಣ್ಣ ಸೀರೆ, ನೇಯ್ದು ಒಂದು ಚೀಲ ಜೋಳದ ಜೊತೆ ದೀಪಾವಳಿಗೆ ಮುಟ್ಟಿಸಬೇಕು. ದಾರ ಮರದ ಉದ್ದಕ್ಕೆ ಬಂದ ವರ್ಷ ಕೂಸು ಬನಹಟ್ಟಿಗೆ. ಅಲ್ಲಿಯತನಕ ಒಬ್ಬರ ಹೊಸ್ತಿಲನ್ನು ಒಬ್ಬರು ತುಳಿಯಬಾರದು. ಇಬ್ಬರೂ ವೀಳ್ಯ ತೆಗೆದುಕೊಂಡು ಒಪ್ಪಿದರು. ಬಸಗೊಂಡಪ್ಪ ಮರದ ಉದ್ದಕ್ಕೆ ಒಂದು ದಾರ ಕಡಿದು ಇಂದ್ರವ್ವನ ಕೈಗೂ ಕೊಟ್ಟ. ಅದರಿಂದಲೇ ಅವಳು ಚೌಕಟ್ಟಿಗೆ ಕಾಡಿಗೆಯ ಗೆರೆ ಎಳೆದದ್ದು.

ನೂಲು ಸುಳ್ಳು ಹೇಳುವುದಿಲ್ಲವೆಂದು ನೂಲಿನ ನಡುವೆಯೇ ಹುಟ್ಟಿ ಬೆಳೆದವರು ಅದು ಹೇಗೆ ನಂಬಿದರೋ! ನೀರು ಕುಡಿದರೆ ಕುಗ್ಗುವ, ಗಂಜಿ ಕುಡಿದರೆ ಬಿಗಿಯುವ ವಸ್ತು ಅದು. ಹಲ್ಲಿಗೆ ಸಿಕ್ಕರಂತೂ ಎಲ್ಲಿ ಬೇಕಾದಲ್ಲಿ ಹರಿಯುತ್ತದೆ.

ಇಂದ್ರವ್ವ ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳು. ಕುಡುಗೋಲು ಹಿಡಿದು ಬಲ್ಲ ಕೈಗೆ ಎಳೆ ಒಗ್ಗಲಿಲ್ಲ. ಅವಳು ಹಾಕಿದ ಗಂಟು ಮಗ್ಗದ ಮೇಲೆ ಬಿಚ್ಚುತ್ತಿತ್ತು, ಸುತ್ತಿದ ನೂಲಿನ ಕಂಡಿಕೆ ಸಡಿಲಾಗಿ ಲಾಳಿಯೊಳಗೆ ಸಿಕ್ಕು ಬೀಳುತ್ತಿತ್ತು. ಅತ್ತೆ ಬೆಳಗಿನಿಂದ ಬೈಗಿನ ತನಕ ಬೈಯುತ್ತಿದ್ದಳು. ರಾಚಪ್ಪ ಒಂದು ಮಾತು ಆಡುತ್ತಿರಲಿಲ್ಲ, ಅತ್ತ ತಾಯಿಗೂ ಇಲ್ಲ, ಇತ್ತ ಹೆಂಡತಿಗೂ ಇಲ್ಲ. ಒಂದು ದಿನ ಅದೇನು ತಲೆಗೇರಿತೋ, ಕೈಯಲ್ಲಿದ್ದ ಲಾಳಿಯನ್ನು ಬೀಸಿ ಒಗೆದ. ಅದು ಅವಳ ಹುಬ್ಬಿನ ಮೇಲೆ ಕೂತಿತು. ನಾಲ್ಕು ವರ್ಷದಲ್ಲಿ ಅವನು ಅವಳ ಮೇಲೆ ಕೈ ಎತ್ತಿದ್ದು ಅದೊಂದೇ ಸಲ. ಇಂದ್ರವ್ವ ರಕ್ತ ಒರೆಸಿಕೊಂಡು, ಕೂಸನ್ನು ಬಗಲಲ್ಲಿಟ್ಟುಕೊಂಡು ಮುಧೋಳದ ಮೋಟಾರು ಹತ್ತಿದವಳು ತಿರುಗಿ ಹೋಗಲಿಲ್ಲ.

ಮುಧೋಳದ ಬದಿಯ ತವರಿನಲ್ಲಿ ಅಣ್ಣ ಬೇಡವೆನ್ನಲಿಲ್ಲ. ಬಾ ಎಂದೂ ಅನ್ನಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬುದನ್ನು ಅತ್ತಿಗೆ ತಂಗೆವ್ವ ಬಾಯಿ ಬಿಟ್ಟು ಹೇಳದಿದ್ದರೂ ಪಾತ್ರೆಗಳ ಸದ್ದಿನಲ್ಲಿ ಹೇಳುತ್ತಿದ್ದಳು. ಹುಡುಗಿ ಆ ಕಡೆ ಹೋದರೆ ಇಂದ್ರವ್ವನಿಗೆ ಲೋಕಾಪುರದ ಕಡೆ ಉಡಿಕೆ, ಎರಡನೆಯ ಮದುವೆ, ಮಾಡಿಕೊಡಬಹುದೆಂಬ ಮಾತನ್ನೂ ಒಮ್ಮೆ ತೆಗೆದಿದ್ದಳು. ಇಂದ್ರವ್ವ ಕೇಳದವಳ ಹಾಗೆ ಎದ್ದು ಹೋಗಿದ್ದಳು. ದಿನವೆಲ್ಲ ಅಣ್ಣನ ಹೊಲದಲ್ಲಿ ದುಡಿದು, ಸಂಜೆ ಶೇಂಗಾ ಒಡೆದು, ಹಾಸಿಗೆಗೆ ಬಿದ್ದಾಗ ಅವಳಿಗೆ ತನ್ನದೆಂದು ಇದ್ದದ್ದು ಪಕ್ಕದಲ್ಲಿ ಬೆಚ್ಚಗೆ ಮಲಗಿದ ಆ ಒಂದು ಜೀವ. ಆ ಜೀವ ಬೆಳೆಯುತ್ತಿತ್ತು. ಬೇರೆ ತಾಯಂದಿರು ಹಿಗ್ಗುವ ಸಂಗತಿಗೆ ಇವಳು ಬೆಚ್ಚುತ್ತಿದ್ದಳು. ಬೇವಿನ ಟೊಂಗೆಗೆ ಜೋತುಬೀಳಬೇಡ ಅಂತ ಬೈಯುವಳು. ನೆಟ್ಟಗೆ ನಡೆದರೆ, "ಬಾಗಿ ನಡಿ, ಹೆಣ್ಣಮಗಳು" ಅನ್ನುವಳು.

ದಾರ ಕಡಿದ ಮರುದಿನ ಬೆಳಗಿನ ಜಾವ ಇಂದ್ರವ್ವ ಅದಕ್ಕಿಂತ ಕೆಟ್ಟ ಕೆಲಸ ಮಾಡಿದಳು. ಮಲಗಿದ ಮಕ್ಕಳನ್ನು ದಾಟಬಾರದು, ದಾಟಿದರೆ ಮಕ್ಕಳು ಬೆಳೆಯುವುದಿಲ್ಲ, ಮರೆತು ದಾಟಿದರೆ ಹಾಗೇ ತಿರುಗಿ ದಾಟಿ ಬರಬೇಕು. ಇದು ಎಲ್ಲ ಮನೆಯಲ್ಲೂ ಗೊತ್ತಿದ್ದ ಮಾತು. ನೀರಿಗೆ ಹೋಗಲು ಎದ್ದವಳು ಕೊಡ ಬಗಲಿಗಿಟ್ಟುಕೊಂಡು ನಿದ್ದೆಯಲ್ಲಿದ್ದ ಮಗಳನ್ನು ನೋಡಿದಳು. ಕಾಲು ಚಾಪೆಯಿಂದ ಹೊರಗೆ ಚಾಚಿದ್ದವು. ಸೀರೆಯ ನೆರಿಗೆ ಎತ್ತಿ ಹಿಡಿದು ಮಗಳನ್ನು ದಾಟಿಬಿಟ್ಟಳು. ತಿರುಗಿ ದಾಟದೆ ಬಾವಿಗೆ ನಡೆದಳು.

ಬಾವಿಯಲ್ಲಿ ಹಗ್ಗ ಎಳೆಯುವಾಗ ಚಾಪೆಯಿಂದ ಚಾಚಿದ ಆ ಕಾಲು ಕಣ್ಣ ಮುಂದೆ ಬಂದವು. ಕೊಡ ತುಂಬುವ ಮೊದಲೇ ಮನೆಗೆ ಓಡಿ ಬಂದಳು. ಹಾಲವ್ವ ಎದ್ದು ಹಿತ್ತಲಲ್ಲಿ ಹಲ್ಲು ತಿಕ್ಕುತ್ತಿದ್ದಳು. ಚಾಪೆ ಸುತ್ತಿಟ್ಟಾಗಿತ್ತು.

"ಇನ್ನೊಂದೀಟ ಮಲ್ಕೊ," ಅಂದಳು ಇಂದ್ರವ್ವ.

"ಯಾಕ ಬೇ, ಸಾಲಿಗಿ ಹೊತ್ತಾತು."

ಹುಡುಗಿ ಹೋದ ವರ್ಷದ ಕಿರಿಗಿ ಉಟ್ಟು ಹೊರಟಳು. ಗಿಡ್ಡ ಅಳತೆಗೆ ನೇಯ್ದ ಕಿರಿಗಿ, ಕೆಳಗೆ ಇಂದ್ರವ್ವ ತನ್ನ ಹಳೆಯ ಸೀರೆಯ ತುಂಡು ಹಚ್ಚಿ ಹೊಲಿದಿದ್ದರೂ ಮೀನಖಂಡದ ಮೇಲೆಯೇ ನಿಂತಿತ್ತು. ಶಾಲೆಯಲ್ಲಿ ಹುಡುಗಿಯರು ಕೊಕ್ಕರೆ ಅನ್ನುತ್ತಾರೆಂದು ಹಾಲವ್ವ ಅತ್ತದ್ದೂ ಉಂಟು.

ಸಂತೆಯಲ್ಲಿ ಇಂದ್ರವ್ವನಿಗೆ ಬನಹಟ್ಟಿಯ ಮುದಕಪ್ಪ ಸಿಕ್ಕ. ಸೀರೆಯ ಗಂಟು ಹೊತ್ತು ಮುಧೋಳದ ಸಂತೆಗೆ ಬರುವ ಮುದುಕ. ದಾರ ಒಯ್ಯುವವನೂ ಕಿರಿಗಿ ತರುವವನೂ ಅವನೇ. ದಾರವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ. ನೇಕಾರನ ಕೈ, ಅದಕ್ಕೆ ಅಳತೆಗೋಲು ಬೇಕಿಲ್ಲ.

"ಕೂಸು ಆರಾಮ ಅದಾಳಲ್ಲ ತಂಗಿ?"

"ಆರಾಮ ಅದಾಳ್ರಿ ಯಣ್ಣಾ."

"ಒಮ್ಮೆರ ಸಂತಿಗಿ ಕರಕೊಂಡ ಬಾರವಾ. ನೋಡೇ ಇಲ್ಲ ನಾ."

"ಸಾಲಿ ಇರತೈತ್ರಿ."

ಮುದಕಪ್ಪ ದಾರವನ್ನು ಬೆರಳಿಗೆ ಸುತ್ತಿ ರುಮಾಲಿನ ಮಡಿಕೆಯಲ್ಲಿ ಇಟ್ಟುಕೊಂಡ.

ಒಂದು ವಾರವೂ ಕಳೆದಿರಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತು. ಇಂದ್ರವ್ವ ಪಡಸಾಲೆಯಲ್ಲಿ ಕೂತು ಶೇಂಗಾ ಒಡೆಯುತ್ತಿದ್ದಳು. ಹೊರಗೆ ಕಸ ಚೆಲ್ಲಲು ಹೋದ ತಂಗೆವ್ವ ಬುಟ್ಟಿ ಹಿಡಿದುಕೊಂಡೇ ಒಳಗೆ ಬಂದು ದನಿ ತಗ್ಗಿಸಿದಳು.

"ಇಂದ್ರಾ, ಬನಹಟ್ಟಿಯವ್ರು ಬಂದಾರ. ಕಟ್ಟಿ ಮ್ಯಾಲ ಕುಂತಾರ."

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಸಿಕ್ಕಿಬಿದ್ದೆ ಅನಿಸಿತು ಇಂದ್ರವ್ವನಿಗೆ. ಪಂಚರೂ ಬಂದಿದ್ದಾರೆಯೇ ಎಂದು ಬಾಗಿಲ ಮರೆಯಿಂದ ನೋಡಿದಳು. ರಾಚಪ್ಪ ಒಬ್ಬನೇ ಇದ್ದ. ಟೋಪಿ ತೊಡೆಯ ಮೇಲಿಟ್ಟುಕೊಂಡು, ಒಂದು ಗಂಟನ್ನು ಪಕ್ಕದಲ್ಲಿಟ್ಟುಕೊಂಡು, ಬೀದಿಯ ಕಡೆ ಮುಖ ಮಾಡಿ ಕೂತಿದ್ದ. ಕೂದಲು ನರೆತಿತ್ತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಕೂತು ಬೆನ್ನು ಮೊದಲಿಗಿಂತ ಹೆಚ್ಚು ಬಾಗಿತ್ತು. ಬಾಗಿಲು ತೆರೆದೇ ಇದ್ದರೂ ಕೂಗಲಿಲ್ಲ. ಯಾರಾದರೂ ಹೊರಗೆ ಬರಲೆಂದು ಕಾಯುತ್ತಿದ್ದನೋ, ಬಾರದಿದ್ದರೇ ಒಳ್ಳೆಯದೆಂದು ಕೂತಿದ್ದನೋ.

ಅಷ್ಟರಲ್ಲಿ ಹಾಲವ್ವ ಪಾಟಿಚೀಲ ಆಡಿಸುತ್ತ ಶಾಲೆಯಿಂದ ಬಂದಳು. ಹಿಂದೆ ಓಣಿಯ ಸಣಕಲು ಬೇಟೆನಾಯಿ ಬಾಲ ಆಡಿಸಿಕೊಂಡು ಬಂತು. ಕಟ್ಟೆಯ ಮೇಲೆ ಕೂತವನನ್ನು ನೋಡಿ ಹುಡುಗಿ ನಿಂತಳು.

"ಯಾರ ಬೇಕಾಗಿತ್ರಿ?"

"ಜಕ್ಕಪ್ಪಣ್ಣಾರ ಮನಿ ಇದಽ ಹೌದಲ್ಲವಾ?"

"ಹೌದ್ರಿ. ಮಾಮಾ ಹೊಲಕ್ಕ ಹೋಗ್ಯಾನ."

ರಾಚಪ್ಪ ತೊಡೆಯ ಮೇಲಿನ ಟೋಪಿಯನ್ನು ತಿರುವಿಟ್ಟುಕೊಂಡ.

"ತಂಗಿ, ಒಳಗ ಹಾಲವ್ವ ಅಂತ ಕೂಸೈತಲ್ಲ... ಹೆಂಗೈತಿ ಈಗ? ಮಲಗೇ ಇರತೈತೇನು?"

ಹಾಲವ್ವ ನಕ್ಕುಬಿಟ್ಟಳು. "ಹಾಲವ್ವ ನಾನಽರಿ. ನಾ ಯಾಕ ಮಲಗ್ಲಿ? ಸಾಲಿಗಿ ಹೋಗಿದ್ನಿ."

ಅವನು ಎದ್ದು ನಿಂತ. ನಿಂತವನು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ. ಹುಡುಗಿಯನ್ನು ಕಾಲಿನಿಂದ ತಲೆಯ ತನಕ ನೋಡಿದ. ತಾನೇ ನೇಯ್ದ ಕಿರಿಗಿ, ಅದರ ಕೆಳಗೆ ಹಚ್ಚಿದ ಬೇರೆ ಬಣ್ಣದ ತುಂಡು, ಅದರ ಕೆಳಗೂ ಉಳಿದ ಉದ್ದನೆಯ ಕಾಲು. ಮೆಲ್ಲಗೆ ಕೈ ಚಾಚಿ ಹುಡುಗಿಯ ತಲೆ ಮುಟ್ಟಿದ, ತೋಳು ಮುಟ್ಟಿದ, ಬಿಟ್ಟ. ಅಂಗಿಯ ಕಿಸೆಯಿಂದ ಎರಡು ದಾರದ ಸುತ್ತು ತೆಗೆದು ಅಂಗೈಯಲ್ಲಿಟ್ಟು ನೋಡಿದ. ಎರಡನ್ನೂ ಬಿಚ್ಚಿ ಒಂದರ ಪಕ್ಕ ಒಂದು ಹಿಡಿದದ್ದು ಬಾಗಿಲ ಮರೆಯಲ್ಲಿದ್ದ ಇಂದ್ರವ್ವನಿಗೆ ಕಾಣುತ್ತಿತ್ತು. ಇನ್ನು ಮರೆಯಲ್ಲಿ ನಿಲ್ಲುವುದು ಅವಳಿಂದ ಆಗಲಿಲ್ಲ.

ಅವಳು ಹೊಸ್ತಿಲ ಒಳಗೆ ಬಂದು ನಿಂತಳು. ರಾಚಪ್ಪನ ಕಣ್ಣು ಅವಳ ಹುಬ್ಬಿನ ಮೇಲಿನ ಗಾಯದ ಗುರುತಿನ ತನಕ ಬಂದು ಅಲ್ಲಿಂದ ನೆಲಕ್ಕೆ ಇಳಿಯಿತು.

"ಎರಡ ವರ್ಷ ದಾರ ಒಂದ ಎಳಿ ಬೆಳಿಲಿಲ್ಲ," ಅಂದ ರಾಚಪ್ಪ, ನೆಲಕ್ಕೆ ಹೇಳುವವನ ಹಾಗೆ. "ಅವ್ವ ಅಂದ್ಲು, ಮಲಗಿದ ಕೂಸಿನ್ನ ಯಾರೋ ದಾಟ್ಯಾರ, ದಾಟಿದವ್ರಽ ತಿರುಗಿ ದಾಟಬೇಕು, ಹೋಗಿ ಹೇಳಿ ಬಾ ಅಂತ. ನಾ ಅಂದ್ನಿ, ಜಡ್ಡೋ ಏನೋ. ಹೊಟ್ಟಿಗಿ ಸಾಲವಲ್ದೋ ಏನೋ. ಮುದಕಪ್ಪಗ ಕೇಳಿದ್ರ ಕೂಸಿನ್ನ ನೋಡಽ ಇಲ್ಲ ಅಂದ. ಅವತ್ತಿನಿಂದ ಮಗ್ಗಕ್ಕ ಕೈ ಹೋಗಲಿಲ್ಲ."

ದಾರಗಳನ್ನು ತಿರುಗಿ ಕಿಸೆಗೆ ಹಾಕಿಕೊಂಡು ಅಂದ, "ಸತ್ತ ಕೂಸಿನ ದಾರ ಬೆಳಿಯೂದಿಲ್ಲ. ನನ್ನಿಂದ ಮುಚ್ಚಾಕತ್ತಾರ ಅಂತ ತಿಳ್ಕೊಂಡ್ನಿ."

ಇಂದ್ರವ್ವ ಚೌಕಟ್ಟು ಹಿಡಿದುಕೊಂಡಳು. ಅವನು ಬೈಯುತ್ತಾನೆ, ಪಂಚರನ್ನು ಕೂಡಿಸುತ್ತಾನೆ, ಮಗಳನ್ನು ಎಳೆದುಕೊಂಡು ಹೋಗುತ್ತಾನೆ, ಹೀಗೆಲ್ಲ ಎರಡು ವರ್ಷ ಅಂದುಕೊಂಡಿದ್ದಳು. ಅದಕ್ಕೆಲ್ಲ ಮಾತು ಜೋಡಿಸಿ ಇಟ್ಟುಕೊಂಡಿದ್ದಳು. ಇದನ್ನು ಅಂದುಕೊಂಡಿರಲಿಲ್ಲ. ತಾನು ಇಲ್ಲಿ ಹಲ್ಲಿಂದ ಕಡಿದ ಒಂದು ಗೇಣು ದಾರಕ್ಕೆ ಅಲ್ಲೊಂದು ಮನೆಯಲ್ಲಿ ಮಗಳು ಸತ್ತಿದ್ದಳು.

"ತಪ್ಪು ನಂದ್ರಿ," ಅಂದಳು.

"ಯಾರದರ ಇರ್ಲಿ. ಲಾಳಿ ಒಗದ ದಿನಾನಽ ನಾ ಕೇಳೂ ಬಾಯಿ ಕಳಕೊಂಡೇನಿ."

"ಅಕಿನ್ನ ಒಯ್ತೀರೇನು?"

"ನಾ ಒಯ್ಯಾಕ ಬಂದಿಲ್ಲ. ಅದಾಳೋ ಇಲ್ಲೋ ನೋಡಾಕ ಬಂದೇನಿ."

ಅವನು ಗಂಟು ಬಿಚ್ಚಿದ. ಒಳಗೆ ಅಂಟಿನ ಉಂಡಿ. ಬಾಣಂತಿಯರಿಗೆ, ಸೊರಗಿದ ಮಕ್ಕಳಿಗೆ ಮಾಡುವಂಥದ್ದು. ತುಪ್ಪ, ಉತ್ತತ್ತಿ ಸುರಿದು ಅವನ ತಾಯಿ ಮಾಡಿ ಕೊಟ್ಟಿದ್ದಳು. ಸೊಸೆಯ ಕಂಡಿಕೆಗೆ ದಿನಕ್ಕೆ ನೂರು ಹೆಸರಿಟ್ಟ ಮುದುಕಿ. ಹಾಲವ್ವನಿಗೆ ಈಗ ಬಂದವರು ಯಾರೆಂದು ತಾನಾಗಿ ತಿಳಿದಿತ್ತು. ಒಂದು ಉಂಡಿ ಬಾಯಲ್ಲಿಟ್ಟುಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಅಪ್ಪನಿಂದ ಸ್ವಲ್ಪ ದೂರ, ಅವ್ವನಿಂದಲೂ ಸ್ವಲ್ಪ ದೂರ, ಕಟ್ಟೆಯ ಕಂಬಕ್ಕೆ ಒರಗಿ ನಿಂತಳು.

ರಾಚಪ್ಪ ಕಿಸೆಯಿಂದ ಹೊಸ ನೂಲಿನ ಉಂಡೆ ತೆಗೆದು ಹೊಸ್ತಿಲ ಹೊರಗೆ ಇಟ್ಟ.

"ಪಂಚರ ಮುಂದ ನಾ ಸುಳ್ಳು ಹೇಳಾಂವಲ್ಲ, ನಿನ್ನ ಮ್ಯಾಲ ಚಾಡಿ ಹೇಳಾಂವೂ ಅಲ್ಲ. ನೀ ಕೊಟ್ಟದ್ದಽ ಅಳತಿ. ಇವತ್ತೂ ಗಿಡ್ಡ ಕೊಟ್ರ ಗಿಡ್ಡಂದಽ ನೇಯ್ತೇನಿ. ಅದಾಳಂತ ಗೊತ್ತಾತಲ್ಲ, ನನಗ ಸಾಕು. ಮೋಟಾರಿಗಿ ಇನ್ನ ಹೊತ್ತೈತಿ. ಅಲ್ಲೆ ಬಾವಿ ಕಡೆ ನೀರ ಕುಡದ ಬರ್ತೇನಿ."

ಅವನು ಟೋಪಿ ಹಾಕಿಕೊಂಡು, ಹಿಂದೆ ನೋಡದೆ ಓಣಿಯ ತಿರುವಿನ ತನಕ ನಡೆದುಹೋದ. ಬೇಕೆಂದೇ ಹೋದದ್ದು. ಮನೆಯಲ್ಲಿ ನೀರಿಗೇನು ಬರ ಇರಲಿಲ್ಲ.

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ತಂಗೆವ್ವ ಹೊರಗೆ ಬಂದಳು. ಈ ಎರಡು ಹೊಟ್ಟೆಗಳು ಮನೆಗೆ ಹೆಚ್ಚಾದವೆಂದು ಪಾತ್ರೆಯ ಮೇಲೆ ಪಾತ್ರೆ ಬಡಿಯುತ್ತಿದ್ದ ತಂಗೆವ್ವ.

"ಗಿಡ್ಡ ಕೊಡು," ಅಂದಳು ಪಿಸುದನಿಯಲ್ಲಿ. "ಅವ್ರಽ ಹೇಳಿ ಹೋಗ್ಯಾರ. ಯಾರ್ ನೋಡಾಕ ಬರ್ತಾರ? ಇನ್ನೊಂದ ವರ್ಷರ ಇರ್ಲಿ ಇಲ್ಲೆ."

ಇಂದ್ರವ್ವ ಅತ್ತಿಗೆಯ ಮುಖ ನೋಡಿದಳು. ಇಷ್ಟು ವರ್ಷ ಒಂದು ಒಲೆಯ ಮುಂದೆ ಕೂತು ಉಂಡರೂ ಈ ಮುಖವನ್ನು ತಾನು ನೋಡಿಲ್ಲ ಅನಿಸಿತು. ಅಳು ಬರುವ ಹಾಗಾಯಿತು, ಆದರೆ ಅಳಲಿಕ್ಕೂ ಒಂದು ಶಕ್ತಿ ಬೇಕು. ನೂಲಿನ ಉಂಡೆ ಎತ್ತಿಕೊಂಡಳು.

"ಬಾ ಇಲ್ಲಿ, ಹಾಲಿ."

ಹಾಲವ್ವ ಬಾಯೊಳಗಿನ ಉಂಡಿ ನುಂಗಿ ಓಡಿ ಬಂದು ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತಳು. "ಹಿಮ್ಮಡಿ ಊರ್ಲ್ಯಾ?" ಅಂತ ತಾನೇ ಕೇಳಿದಳು.

"ಊರು. ನೆಟ್ಟಗ ನಿಂದ್ರು. ಮ್ಯಾಲ ನೋಡಿದ್ರೂ ನಡೀತೈತಿ."

ದಾರ ಹಿಮ್ಮಡಿಯಿಂದ ಬೆನ್ನಗುಂಟ ಏರಿತು. ಕಾಡಿಗೆಯ ಗೆರೆ ದಾಟಿ ಮೇಲೆ ಬಂತು. ಇಂದ್ರವ್ವ ಎಲ್ಲಿ ಹಿಡಿದಳೋ ಅಲ್ಲೇ ಗಂಟು ಹಾಕಿದಳು. ಹಲ್ಲಿಗೆ ಕೊಡಲಿಲ್ಲ, ಅತ್ತಿಗೆಯಿಂದ ಕುಡುಗೋಲು ತರಿಸಿ ಕೊಯ್ದಳು. ತಂಗೆವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ನಿನ್ನ ಹಣೇಬರಾ ನೀನಽ ಬರಕೊ ತಾಯಿ," ಎಂದು ಬೈದು ಒಳಗೆ ಹೋದಳು.

ರಾಚಪ್ಪ ತಿರುಗಿ ಬಂದಾಗ ದಾರ ಹೊಸ್ತಿಲ ಹೊರಗೆ ಇತ್ತು. ಎತ್ತಿ ಎರಡು ಕೈಯಗಲಿಸಿ ಹಿಡಿದ. ಮಗ್ಗದ ಮರವನ್ನು ಹುಟ್ಟಿದಾಗಿನಿಂದ ತಬ್ಬಿಕೊಂಡು ಬಂದವನಿಗೆ ಇನ್ನೊಮ್ಮೆ ಅಳೆಯುವ ಜರೂರು ಇರಲಿಲ್ಲ. ಸುತ್ತಿ ಕಿಸೆಯಲ್ಲಿ ಇಟ್ಟುಕೊಂಡ.

"ದೀಪಾವಳಿ ನಿನ್ನ ಕಡೆ ಮಾಡ್ಲಿ," ಅಂದ. "ಆಮ್ಯಾಲ ಬರ್ತೇನಿ."

"ರಾಟಿ ಮುಂದ ಕುಂದ್ರಸ್ರಿ, ಬ್ಯಾಡ ಅನ್ನಂಗಿಲ್ಲ. ಸಾಲಿ ಮಾತ್ರ ಬಿಡಸಬ್ಯಾಡ್ರಿ."

ರಾಚಪ್ಪ ಮಗಳ ಕಡೆ ನೋಡಿದ. ಮನೆಯಲ್ಲಿ ತಾಯಿಗೆ ಕಣ್ಣು ಮಂದವಾಗಿದ್ದು, ಕಂಡಿಕೆ ಸುತ್ತುವವರು ಯಾರೂ ಇಲ್ಲದ್ದು ಎಲ್ಲ ಅವನ ಮುಖದ ಮೇಲೆ ಬಂದು ಹೋಯಿತು.

"ಆಗ್ಲಿ," ಅಂದ.

ಕಿರಿಗಿಯನ್ನು ಈ ಸಲ ಮುದಕಪ್ಪ ತರಲಿಲ್ಲ. ಹಬ್ಬ ಮುಗಿದ ಮೇಲೆ ರಾಚಪ್ಪನೇ ತಂದ. ಹಿಂದಿನ ದಿನ ಬಂದವನು ಮಠದಲ್ಲಿ ಮಲಗಿದ. ಕೆಂಪು ದಡಿಯ ಹಸಿರು ಕಿರಿಗಿ, ಒಳ್ಳೆಯ ಅಗಲ. ಬೆಳಗಿನ ಜಾವ ಇಂದ್ರವ್ವ ಎಲ್ಲರಿಗಿಂತ ಮುಂಚೆ ಎದ್ದಳು. ಹಾಲವ್ವ ಮೋಟಾರು ಹತ್ತುವ ಖುಷಿಯಲ್ಲಿ ಬಹಳ ಹೊತ್ತು ಹೊರಳಾಡಿ ಈಗ ಗಾಢ ನಿದ್ದೆಯಲ್ಲಿದ್ದಳು. ಇಂದ್ರವ್ವ ಬಾಗಿಲ ಕಡೆಯಿಂದ ಬಂದು, ನೆರಿಗೆ ಎತ್ತಿ ಹಿಡಿದು, ಅಂದು ದಾಟಿದ್ದನ್ನು ತಿರುಗಿ ದಾಟಿದಳು. ದಾಟಿ ಗೋಡೆಯ ಕಡೆ ಬಂದು ಮಗಳ ಪಕ್ಕದಲ್ಲಿ ಹೊರಗೆ ಬೆಳಕಾಗುವ ತನಕ ಕೂತಳು.

ಮೋಟಾರು ನಿಲ್ಲುವ ಕಡೆ ಹಾಲವ್ವ ನಾಲ್ಕು ಹೆಜ್ಜೆಗೊಮ್ಮೆ ಬಗ್ಗಿ ತನ್ನ ಕಾಲು ನೋಡಿಕೊಂಡಳು. ಕಿರಿಗಿ ಕಾಲ್ಗಡಗದ ತನಕ ಇಳಿದಿತ್ತು. ಯಾರೂ ಇನ್ನು ಕೊಕ್ಕರೆ ಅನ್ನುವ ಹಾಗಿರಲಿಲ್ಲ. ಕಿಟಕಿಯ ಪಕ್ಕ ಜಾಗ ಸಿಕ್ಕಿದ ಮೇಲೆ ಅವಳಿಗೆ ಏನೋ ನೆನಪಾದ ಹಾಗೆ ಮುಖ ಸಣ್ಣದಾಯಿತು.

"ನೀ ಯಾವಾಗ ಬರ್ತಿ ಬೇ?"

ಇಂದ್ರವ್ವ ಕಿಟಕಿಯೊಳಗೆ ಕೈ ಚಾಚಿದಳು. ಮಗಳ ಕೆನ್ನೆ ಸವರಿ ಅವಳ ಆಚೆ ಕೂತವನಿಗೆ ಹೇಳಿದಳು, "ಬರೂ ಮಾನೌಮಿಗಿ ದಾರ ನೀವು ಕಳಸ್ರಿ."

ರಾಚಪ್ಪನಿಗೆ ತಿಳಿಯಲಿಲ್ಲ. "ನಿನಗ್ಯಾಕ ದಾರ? ನೀ ನೇಯಾಕಿ ಅಲ್ಲ."

"ಇರ್ಲಿ. ಕಳಸ್ರಿ."

ವರ್ಷ ಹೇಗೆ ಕಳೆಯಿತೆಂದು ಹೇಳಲಿಕ್ಕೆ ಏನೂ ಇಲ್ಲ. ಜೋಳ ಬಿತ್ತಿದರು, ಕೊಯ್ದರು. ಲೋಕಾಪುರದ ಮಾತನ್ನು ಅಣ್ಣ ಒಮ್ಮೆ ತೆಗೆದ. ಇಂದ್ರವ್ವ ಬೇಡವೆಂದಳು, ತಂಗೆವ್ವ ಗಂಡನಿಗೆ ಸುಮ್ಮನಿರಲು ಕಣ್ಣು ಮಾಡಿದಳು. ಮಾನೌಮಿಯ ಸಂತೆಯಲ್ಲಿ ಮುದಕಪ್ಪ ಅವಳನ್ನು ಹುಡುಕಿಕೊಂಡು ಬಂದು ರುಮಾಲಿನ ಮಡಿಕೆಯಿಂದ ಒಂದು ದಾರದ ಸುತ್ತು ತೆಗೆದುಕೊಟ್ಟ.

"ರಾಚಪ್ಪ ಅಳದು ಕೊಟ್ಟಾನ. ಹುಡುಗಿ ಸಾಲಿಗಿ ಹೊಕ್ಕಾಳ, ಸಂಜಿಕ ರಾಟಿಗಿ ಕುಂದರ್ತಾಳ. ಕೈ ಛಲೋ ಐತಿ ಅಕಿದು, ಗಂಟು ಬಿಚ್ಚೂದಿಲ್ಲ."

ಇಂದ್ರವ್ವ ದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ಬಂದಳು. ಅಣ್ಣ ಹೊಲದಲ್ಲಿದ್ದ, ಅತ್ತಿಗೆ ಹಿತ್ತಲಲ್ಲಿದ್ದಳು. ಚೌಕಟ್ಟಿಗೆ ಹಿಡಿದು ನೋಡಿದಳು. ಕಾಡಿಗೆಯ ಗೆರೆ ಎಲ್ಲೋ ಕೆಳಗೆ ಉಳಿದಿತ್ತು. ಒಂದು ವರ್ಷಕ್ಕೆ ಇಷ್ಟು ಬೆಳೆಯುತ್ತಾರೆಯೇ ಮಕ್ಕಳು? ಮೂರು ಸಲ ಹಿಡಿದು ನೋಡಿದಳು. ನಗು ಬಂತು, ಬಂದ ಹಾಗೇ ನಿಂತಿತು. ಈ ಎತ್ತರದ ಮುಖ ಹೇಗಿದೆಯೋ ಅವಳಿಗೆ ಗೊತ್ತಿರಲಿಲ್ಲ.

ಮೂಲೆಯಲ್ಲಿ ಸುತ್ತಿಟ್ಟ ಮಗಳ ಚಾಪೆ ಬಿಡಿಸಿ ಹಾಸಿದಳು. ಅದರ ಮೇಲೆ ದಾರವನ್ನು ನೆಟ್ಟಗೆ ಇಟ್ಟು ಎರಡೂ ತುದಿ ಬೆರಳಿನಿಂದ ಒತ್ತಿ ಸರಿಮಾಡಿದಳು. ಗಂಟಿದ್ದ ತುದಿ ತಲೆಯ ಕಡೆ. ಗೋಡೆಯ ಬದಿಗೆ, ತಾನು ಯಾವಾಗಲೂ ಮಲಗುತ್ತಿದ್ದ ಜಾಗದಲ್ಲಿ, ಮೊಣಕಾಲು ಮಡಿಚಿ ಕೂತಳು.

"ಇಂದ್ರಾ! ಶೇಂಗಾಕ್ಕ ದನಾ ಬಾಯಿ ಹಾಕ್ಯಾವ, ಬಾ ಲಗೂನ!" ಎಂದು ತಂಗೆವ್ವ ಹಿತ್ತಲಿಂದ ಕೂಗಿದಳು.

"ಬಂದ್ನಿ ವೈನಿ," ಎಂದು ಇಂದ್ರವ್ವ ಎದ್ದಳು. ಬಾಗಿಲು ಚಾಪೆಯ ಆಚೆ ಬದಿಗಿತ್ತು, ಒಂದು ಹೆಜ್ಜೆ ಹಾಕಿದರೆ ಸಾಕಿತ್ತು. ಅವಳು ಸೀರೆಯ ನೆರಿಗೆ ಒತ್ತಿ ಹಿಡಿದು, ಗೋಡೆಗುಂಟ ಸರಿದು, ದಾರದ ಕಾಲ ಕಡೆಯಿಂದ ಸುತ್ತು ಹಾಕಿಕೊಂಡು ಹೊರಗೆ ಹೋದಳು.